ಓರೆ ಇರುವುದು ಚಾಕುವಲ್ಲ

ಎಲ್ಲ ಶುರುವಾದದ್ದು ಒಂದು ಸೌತೆಕಾಯಿಯಿಂದ. ಕುಲುಮೆಯಣ್ಣನ ಹೆಂಡತಿ ಬೆಳಿಗ್ಗೆ ಎದ್ದವಳು, ಕಪಾಟಿನ ಮೇಲೆ ಬಟ್ಟೆ ಸುತ್ತಿ ಇಟ್ಟಿದ್ದ ಚಾಕುವನ್ನು ಬಿಚ್ಚಿ, ಸೌತೆಕಾಯಿಯ ಮೇಲೆ ನಾಲ್ಕು ಸಲ ಆಡಿಸಿ, ಮುಖ ಸಿಂಡರಿಸಿ, ಅದನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟಳು. ಆಗ ಕುಲುಮೆಯಣ್ಣ ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿಕೊಂಡು ಏನೋ ಗುನುಗುತ್ತಿದ್ದ. ತನ್ನ ಬಾಳಿನಲ್ಲೇ ಅತ್ಯುತ್ತಮವಾದ ಚಾಕು ಗೇಟು ದಾಟಿ ಹೋಗುತ್ತಿರುವುದು ಅವನಿಗೆ ತಿಳಿಯಲಿಲ್ಲ.

ಅತ್ಯುತ್ತಮ ಎನ್ನುವುದು ಅವನದೇ ಮಾತು. ಆದರೆ ಸುಳ್ಳಲ್ಲ. ಅಡುಗೆಮನೆ ಚಾಕುಗಳನ್ನು ಒಬ್ಬನೇ ಕೂತು ಕಾಸಿ, ಬಡಿದು, ಹದ ಹಾಕಿ, ಸಾಣೆ ಹಿಡಿದು ಮಾಡುವವನು ಆ ಊರಿನಲ್ಲಿ ಅವನೊಬ್ಬನೇ ಉಳಿದಿದ್ದ. ಮಾಡಿದ ಪ್ರತಿ ಚಾಕುವನ್ನೂ ಮೊದಲು ತನ್ನ ಎಡ ಮುಂಗೈ ಮೇಲೆ ಆಡಿಸಿ ನೋಡುವನು. ಕೂದಲು ಸದ್ದಿಲ್ಲದೆ ಉದುರಿದರೆ ಅಲಗಿನ ಮೇಲೆ ಅವನ ಮುದ್ರೆ ಬೀಳುತ್ತಿತ್ತು, ಇಲ್ಲದಿದ್ದರೆ ಅಲಗು ಮೂಲೆಯ ತಗಡಿನ ಡಬ್ಬಿಗೆ ಬೀಳುತ್ತಿತ್ತು. ಹೀಗಾಗಿ ಅವನ ಮುಂಗೈ ಯಾವಾಗಲೂ ಬೋಳು. ವ್ಯಾಪಾರ ಹೇಗಿದೆ ಎಂದು ಬೀದಿಯವರು ಅವನನ್ನು ಕೇಳುತ್ತಿರಲಿಲ್ಲ, ಮುಂಗೈ ನೋಡಿಕೊಂಡು ಮುಂದೆ ಹೋಗುತ್ತಿದ್ದರು. ಈಚೆಗೆ ಅಲ್ಲಿ ಕೂದಲು ಹುಲುಸಾಗಿ ಚಿಗುರಿ ಎಲ್ಲರಿಗೂ ಚಿಂತೆ ಹುಟ್ಟಿಸಿತ್ತು.

ಅಂಥ ಹೊತ್ತಿನಲ್ಲಿ ದೊಡ್ಡ ಹೋಟೆಲಿನ ಬಾಣಸಿಗರು ಹೇಳಿ ಕಳಿಸಿದ್ದರು. ಕುಲುಮೆಯಣ್ಣ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಹೋಗಿದ್ದ. ಬಾಣಸಿಗರು ಒಲೆಯ ಮುಂದಿನಿಂದ ಕದಲದೆ, ಎಡಗೈಯಲ್ಲಿ ಸೂಪು ತಿರುವುತ್ತಲೇ ಬಲಗೈ ಚಾಚಿ ಅವನ ಕೈಕುಲುಕಿದ್ದರು. "ನನಗೆ ಅಂತ ಒಂದು ಚಾಕು ಮಾಡಿ. ಹಿಡಿಸಿದ್ರೆ ಈ ಅಡುಗೆಮನೇಲಿ ಇರೋ ಎಲ್ಲರ ಕೈಲೂ ನಿಮ್ಮ ಚಾಕುವೇ" ಎಂದಿದ್ದರು. ಆ ಒಂದು ಕೈಕುಲುಕಿನಲ್ಲೇ ಕುಲುಮೆಯಣ್ಣ ಅವರ ಅಂಗೈಯ ಅಗಲ, ಬೆರಳಿನ ಉದ್ದ, ಹೆಬ್ಬೆರಳಿನ ಬುಡದ ಗಂಟು ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು ಬಂದ. ಹಿಡಿಯನ್ನು ಆ ಕೈಗೆಂದೇ ಕೆತ್ತಿದ. ಅಲಗಿಗೆ ತನ್ನ ಅಪ್ಪನಿಂದ ಕಲಿತ ಹಾಗೆ ಬಲಗಡೆ ಮಾತ್ರ ಇಳಿಜಾರು ಸಾಣೆ ಕೊಟ್ಟು, ಎಡಗಡೆಯನ್ನು ಕನ್ನಡಿಯಂತೆ ಚಪ್ಪಟೆಯಾಗಿ ಬಿಟ್ಟ. ಹೀಗೆ ಒಂದೇ ಬದಿ ಸಾಣೆ ಹಿಡಿದ ಚಾಕುವಿಗೆ ಹೆಚ್ಚಿದ ಹೋಳು ಅಂಟುವುದಿಲ್ಲ, ತಾನಾಗಿ ಕಳಚಿ ಬೀಳುತ್ತದೆ. ಅದೇ ಅವನ ಮನೆತನದ ಹೆಮ್ಮೆ.

ಈ ದಿನ ಸಂಜೆ ಬಾಣಸಿಗರು ಚಾಕು ನೋಡಲು ಬರುವವರಿದ್ದರು. ಮುಖ ಒರೆಸಿಕೊಂಡು ಬಂದ ಕುಲುಮೆಯಣ್ಣ ಕಪಾಟು ನೋಡಿದ. ಬಟ್ಟೆ ಇತ್ತು, ಚಾಕು ಇರಲಿಲ್ಲ.

"ಇಲ್ಲಿದ್ದದ್ದು ಎಲ್ಲಿ?"

"ಪೋಸ್ಟ್ ಮಾಸ್ಟರು ಬಂದಿದ್ರು. ಏನೋ ಕುಯ್ಯೋಕೆ ಒಂದು ಚಾಕು ಕೊಡಮ್ಮ ಅಂದ್ರು, ಕೊಟ್ಟೆ." ಅವಳು ಎಡಗೈಯಲ್ಲಿದ್ದ ಸೌಟಿನಿಂದಲೇ ಪಕ್ಕದ ಗೋಡೆ ತೋರಿಸಿದಳು.

"ಅದನ್ನ ಕೊಟ್ಯಾ?"

"ಮತ್ತೆ, ನನ್ನ ಚಾಕು ಕೊಡ್ಲಾ? ಸೌತೆಕಾಯಿ ಹೆಚ್ಚಿ ನೋಡಿದೆ, ಓರೆಯಾಗಿ ಹೋಗುತ್ತೆ. ಡಬ್ಬಿಗೆ ಹಾಕೋದು ಮರೆತಿದ್ದೀರಿ ಅಂದ್ಕೊಂಡೆ."

ಕುಲುಮೆಯಣ್ಣನ ಕಿವಿಯವರೆಗೂ ರಕ್ತ ಏರಿತು. "ಓರೆ ಇರೋದು ಚಾಕು ಅಲ್ಲ ಕಣೇ, ನಿನ್ನ ಕೈ."

ಈ ಮಾತು ಆ ಮನೆಗೆ ಹೊಸದಲ್ಲ. ಮದುವೆಯಾದ ಹೊಸದರಲ್ಲಿ ಅವಳು, ನಿಮ್ಮ ಚಾಕು ನನಗೆ ನೆಟ್ಟಗೆ ಹೋಗಲ್ಲ ಎಂದಾಗಿನಿಂದ ಅವನು ಇದನ್ನೇ ಹೇಳುತ್ತ ಬಂದಿದ್ದ. ಅವಳು ವಾದಕ್ಕೆ ನಿಲ್ಲುವುದನ್ನು ಯಾವತ್ತೋ ಬಿಟ್ಟಿದ್ದಳು. ಅವಳ ಹತ್ತಿರ ಒಂದು ಚಾಕು ಇತ್ತು. ಮೋಟು, ಕಪ್ಪು, ಹಿಡಿಗೆ ಸೆಣಬಿನ ದಾರ ಸುತ್ತಿದ್ದು, ಎಲ್ಲಿಂದ ಬಂತೋ ಅವನು ಕೇಳಿದವನಲ್ಲ. ಚಾಕು ಮಾಡುವವನ ಮನೆಯಲ್ಲಿ ಅಂಥದೊಂದು ಇರುವುದೇ ಅವನಿಗೆ ಅವಮಾನ.

"ಹಾಗೇ ಇರ್ಲಿ" ಎಂದಳು ಅವಳು. "ನನ್ನ ಓರೆ ಕೈಗೆ ನನ್ನ ಚಾಕು ಇದೆ."

"ಸಂಜೆ ಅದನ್ನ ಎಲ್ಲಾದ್ರೂ ಮುಚ್ಚಿಡು. ಬಾಣಸಿಗರ ಕಣ್ಣಿಗೆ ಬಿದ್ರೆ ನನ್ನ ಮಾನ ಹೋಗುತ್ತೆ" ಎಂದು ಹೇಳಿ ಅವನು ಚಪ್ಪಲಿಯನ್ನೂ ಮೆಟ್ಟದೆ ಓಡಿದ.

ನಿವೃತ್ತರಾದ ಪೋಸ್ಟ್ ಮಾಸ್ಟರು ಜಗಲಿಯ ಮೇಲೆ ಹಳೇ ಪೇಪರುಗಳ ಕಟ್ಟುಗಳ ನಡುವೆ ರಾಜನಂತೆ ಕೂತಿದ್ದರು. ಸುತ್ತ ತೆಂಗಿನ ನಾರಿನ ಹಗ್ಗದ ತುಂಡುಗಳು ಬಿದ್ದಿದ್ದವು. ಕುಲುಮೆಯಣ್ಣ ಬಗ್ಗಿ ಒಂದು ತುಂಡನ್ನು ಎತ್ತಿಕೊಂಡ.

"ಹಗ್ಗ ಕುಯ್ದ್ರಾ? ನನ್ನ ಚಾಕುವಿನಲ್ಲಿ ಹಗ್ಗ ಕುಯ್ದ್ರಾ?"

"ಕುಯ್ದೆ ಕಣಯ್ಯ. ಬೆಣ್ಣೆ ಕುಯ್ದ ಹಾಗಾಯ್ತು."

ಬೈಯಬೇಕೆಂದು ತೆರೆದ ಬಾಯಿ ಹಾಗೇ ನಿಂತಿತು. "ಒಂದೇ ಎಳೆತಕ್ಕಾ?"

"ಒಂದೇ ಎಳೆತಕ್ಕೆ."

"ಹಗ್ಗ ಒಣಗಿತ್ತಾ, ಹಸಿ ಇತ್ತಾ?"

"ಒಣಗಿ ಕಟ್ಟಿಗೆ ಆಗಿತ್ತು. ನನ್ನ ಸರ್ವಿಸಿನಲ್ಲಿ ಎಷ್ಟೊಂದು ಮೂಟೆ ಬಿಚ್ಚಿದೀನಿ, ಇಂಥ ಚಾಕು ನೋಡಿಲ್ಲ."

ಕುಲುಮೆಯಣ್ಣನಿಗೆ ಅಳಬೇಕೋ ಬೀಗಬೇಕೋ ತಿಳಿಯಲಿಲ್ಲ. ಒಂದು ಕ್ಷಣ ಬೀಗಿದ ಮೇಲೆ, ಚಾಕು ಎಲ್ಲಿ ಎಂದು ಕೇಳುವುದು ನೆನಪಾಯಿತು. ಅದು ಟೈಲರಮ್ಮನ ಅಂಗಡಿಗೆ ಹೋಗಿತ್ತು. ಅವರ ಕತ್ತರಿ ಮೊಂಡಾಗಿತ್ತಂತೆ, ಕೇಳಿದಾಗ ಇಲ್ಲ ಅನ್ನಲು ಪೋಸ್ಟ್ ಮಾಸ್ಟರಿಗೆ ಮನಸ್ಸು ಬರಲಿಲ್ಲವಂತೆ. ಪರರ ವಸ್ತುವಿನ ವಿಷಯದಲ್ಲಿ ಅವರ ಮನಸ್ಸು ಬಹಳ ಮೆದು. "ತಾಳು, ನಾನೂ ಬರ್ತೀನಿ" ಎಂದು ಅವರು ಕೋಲು ಹಿಡಿದು ಹಿಂದೆಯೇ ಹೊರಟರು. ಮೂಲೆ ತಿರುಗುವಷ್ಟರಲ್ಲಿ ಸಂಜೆ ಯಾರು ಬರುತ್ತಾರೆ, ಯಾಕೆ ಬರುತ್ತಾರೆ ಎಂಬುದನ್ನೆಲ್ಲ ಬಿಡಿಸಿಕೊಂಡೂ ಬಿಟ್ಟರು. ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದ ಅರ್ಧ ಮಾತು ಈಗ ಪೂರ್ತಿಯಾಯಿತು.

ಟೈಲರಮ್ಮ ಸೋಫಾ ದಿಂಬಿನ ಫೋಮಿಗೆ ಕವರು ಹೊಲಿಯುತ್ತಿದ್ದರು. ಕುಲುಮೆಯಣ್ಣ ಕಾಲಿಟ್ಟ ಕೂಡಲೇ ಕಂಡದ್ದು ಕತ್ತರಿಸಿದ ರೆಕ್ಸಿನ್ ಚೂರುಗಳು.

"ರೆಕ್ಸಿನ್ನಾ?" ಎಂದ ಅವನು, ಗೋಡೆಗೆ ಒರಗಿಕೊಂಡು.

"ರೆಕ್ಸಿನ್ನು, ಫೋಮು, ಆಮೇಲೆ ಒಂದು ಹಳೇ ಬೆಲ್ಟು. ಏನು ಚಾಕು ಅಣ್ಣ ಅದು. ನಾನು ಗೆರೆ ಎಳೆಯೋಕೆ ಮುಂಚೆ ಅದೇ ಕುಯ್ದು ಮುಗಿಸಿತ್ತು."

"ಫೋಮು ಹರೀತಾ, ಕುಯ್ತಾ?"

"ಹರಿಯೋದಾ? ಇಲ್ಲಿ ನೋಡಿ ಅಂಚು" ಎಂದು ಅವರು ತುಂಡನ್ನು ಎತ್ತಿ ಹಿಡಿದರು. ಅಂಚು ನೀರಿನ ಮಟ್ಟದಂತಿತ್ತು. ಕುಲುಮೆಯಣ್ಣ ಅದರ ಮೇಲೆ ಬೆರಳಾಡಿಸಿದ. ಮನಸ್ಸು ಚಾಕುವಿಗಾಗಿ ಮರುಗುತ್ತಿದ್ದರೂ ಮುಖ ತಾನಾಗಿ ಅರಳಿತು. ಫೋಮನ್ನು ಹಾಗೆ ಕುಯ್ಯುವ ಅಲಗು ಇನ್ನೆಲ್ಲೂ ಇಲ್ಲ ಎಂದು ಅವನಿಗೆ ಗೊತ್ತಿತ್ತು, ಈಗ ಇನ್ನಿಬ್ಬರಿಗೂ ಗೊತ್ತಾಯಿತು.

"ಚಾಕು ಕೊಡಿ, ಹೋಗ್ಬೇಕು."

"ಪೇಂಟರ್ ತಗೊಂಡು ಹೋದ. ಸ್ಕೂಲಿಗೆ ಬಣ್ಣ ಹೊಡೀತಿದಾನಲ್ಲ, ಅವನು."

ಪೇಂಟರ್ ಎಂಬ ಶಬ್ದ ಕೇಳಿ ಕುಲುಮೆಯಣ್ಣನ ಕಣ್ಣು ಕತ್ತಲಿಟ್ಟಿತು. ಅವನು ಓಡಿದ. ಕೊರಳಲ್ಲಿ ಅಳತೆ ಟೇಪು ನೇತಾಡಿಸಿಕೊಂಡು ಟೈಲರಮ್ಮ, ಕೋಲು ಕುಟ್ಟುತ್ತ ಪೋಸ್ಟ್ ಮಾಸ್ಟರು ಹಿಂದೆ ಓಡಿದರು. ಮೂವರು ಓಡುವುದನ್ನು ಕಂಡ ಮೇಲೆ ದಾರಿಯಲ್ಲಿದ್ದ ಬಿಡುವಿನ ಜನವೂ, ಏನೆಂದು ಆಮೇಲೆ ಕೇಳಿದರಾಯಿತು ಎಂದುಕೊಂಡು, ಸೇರಿಕೊಂಡರು.

ಸ್ಕೂಲಿನ ಅಂಗಳದಲ್ಲಿ ಪೇಂಟರ್ ಏಣಿಯ ಬುಡದಲ್ಲಿ ಕೂತು ಚಹಾ ಕುಡಿಯುತ್ತಿದ್ದ. ನೀಲಿ ಬಣ್ಣದ ಡಬ್ಬ ಏಣಿಯ ತುದಿಯಲ್ಲಿ ನೇತಾಡುತ್ತಿತ್ತು.

"ನಿಮ್ಮದಾ ಅಣ್ಣ ಅದು? ಡಬ್ಬದ ಮುಚ್ಚಳ ಎಬ್ಬಿಸಿದೆ. ಕಿಟಕಿಯ ಹಳೇ ಬಣ್ಣ ಕೆರೆದೆ. ಒಂಚೂರೂ ಬಗ್ಗಲಿಲ್ಲ, ಮುಕ್ಕಾಗಲಿಲ್ಲ. ಬೇರೆ ಚಾಕು ಆಗಿದ್ರೆ ಮುಚ್ಚಳಕ್ಕೇ ಮುರೀತಿತ್ತು."

"ಮುಚ್ಚಳ ಬಿಗಿಯಾಗಿತ್ತಾ?" ಎಂದು ಕುಲುಮೆಯಣ್ಣ ಕೇಳಿದ. ಕೇಳಬಾರದೆಂದುಕೊಂಡಿದ್ದ, ಆದರೆ ಆಗಲಿಲ್ಲ.

"ವೆಲ್ಡಿಂಗ್ ಮಾಡಿದ ಹಾಗಿತ್ತು."

"ಹದ" ಎಂದ ಕುಲುಮೆಯಣ್ಣ, ಹಿಂದೆ ನೆರೆದವರ ಕಡೆ ತಿರುಗಿ. "ಅದಕ್ಕೇ ಹದ ಅನ್ನೋದು. ಗಡುಸಾಗಬೇಕು, ಪೆಡಸಾಗಬಾರದು." ಎಲ್ಲರೂ ತಲೆಯಾಡಿಸಿದರು. "ಈಗ ಎಲ್ಲಿದೆ?"

ಪೇಂಟರ್ ಮೇಲೆ ತೋರಿಸಿದ. ಮಹಡಿ ಕಿಟಕಿಯ ಮರದ ಚೌಕಟ್ಟಿಗೆ ಚಾಕು ಚುಚ್ಚಿಕೊಂಡು ನಿಂತಿತ್ತು. ಕೆಳಗೆ ಬಿದ್ದರೆ ಯಾರಿಗಾದರೂ ತಾಗೀತು ಎಂದು ಭದ್ರವಾಗಿ ಹೊಡೆದಿದ್ದನಂತೆ.

ಕುಲುಮೆಯಣ್ಣ ಏಣಿ ಹತ್ತಿದ. ಹಿಡಿ ಹಿಡಿದು ಎಳೆದ, ಬರಲಿಲ್ಲ. ಚಾಕು ಮರದೊಳಗೆ ಎಷ್ಟು ಆಳ ಹೋಗಿದೆ ಎಂದು ನೋಡಿ ಅಲ್ಲೂ ಅವನಿಗೆ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲಿ ಎರಡೂ ಕೈ ಹಾಕಿ ಜೋರಾಗಿ ಜಗ್ಗಿದ. ಚಾಕು ಬಂತು. ಅವನೂ ಬಂದ. ನೀಲಿ ಡಬ್ಬವೂ ಬಂತು. ಪುಣ್ಯಕ್ಕೆ ಕೆಳಗೆ ಮರಳಿನ ರಾಶಿ ಇತ್ತು. ಧೂಳು ಇಳಿದಾಗ ಕುಲುಮೆಯಣ್ಣ ಅಂಗಾತ ಬಿದ್ದಿದ್ದ, ಅರ್ಧ ಮುಖ ನೀಲಿಯಾಗಿತ್ತು, ಬಲಗೈ ಮಾತ್ರ ಆಕಾಶಕ್ಕೆ ಚಾಚಿತ್ತು, ಅದರಲ್ಲಿ ಚಾಕು ಇತ್ತು.

"ಚಾಕು ನೆಲಕ್ಕೆ ತಾಗಲಿಲ್ಲ ತಾನೇ?" ಎಂದು ಅವನು ಕೇಳಿದ. ತಾಗಲಿಲ್ಲ ಎಂದು ಎಲ್ಲರೂ ಸಾಕ್ಷಿ ಹೇಳಿದ ಮೇಲೆ ಎದ್ದು ಕೂತ.

"ಆದ್ರೂ ಅಣ್ಣ, ಇಷ್ಟು ಒಳ್ಳೆ ಚಾಕು ನಿಮ್ಮನೇಲೇ ಅತ್ತಿಗೆಗೆ ಓರೆ ಹೋಗುತ್ತಂತಲ್ಲ. ಪೋಸ್ಟ್ ಮಾಸ್ಟರು ಹೇಳಿದ್ರು" ಎಂದರು ಟೈಲರಮ್ಮ.

ಮರಳಿನ ರಾಶಿಯ ಮೇಲೆ ಕೂತ ಮನುಷ್ಯನಿಗೆ ಸಾಮಾನ್ಯವಾಗಿ ಭಾಷಣ ಮಾಡುವ ಉಮೇದು ಇರುವುದಿಲ್ಲ. ಆದರೆ ಕುಲುಮೆಯಣ್ಣನನ್ನು ಆ ಪ್ರಶ್ನೆ ಕೆಣಕಿತು. ಅವನು ಚಾಕುವನ್ನು ಎತ್ತಿ ಹಿಡಿದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಬರೆದಿಟ್ಟುಕೊಳ್ಳಿ. ಈ ಚಾಕು ಯಾರಿಗೆ ಓರೆ ಹೋಗುತ್ತೋ, ಅವರು ತಮ್ಮ ಕೈ ನೋಡ್ಕೋಬೇಕು. ಓರೆ ಇರೋದು ಚಾಕು ಅಲ್ಲ, ಕೈ."

"ಹಾಗಾದ್ರೆ ಅತ್ತಿಗೆ ಹತ್ರ ಇರೋ ಆ ಕರೀ ಚಾಕು?" ಎಂದ ಪೇಂಟರ್.

"ಅದಕ್ಕೂ ನನಗೂ ಸಂಬಂಧ ಇಲ್ಲ. ಅದು ನಮ್ಮನೇದೇ ಅಲ್ಲ" ಎಂದು ಕುಲುಮೆಯಣ್ಣ ಮರಳು ಕೊಡವಿಕೊಂಡು ಎದ್ದ.

ಮಧ್ಯಾಹ್ನವೆಲ್ಲ ಅವನು ಸಾಣೆಕಲ್ಲಿನ ಮುಂದೆ ಕೂತ. ಹಿಡಿಯ ಬಣ್ಣ ಒರೆಸಿದ, ಎಣ್ಣೆ ತಿಕ್ಕಿದ, ಅಂಚನ್ನು ಮತ್ತೆ ಎಬ್ಬಿಸಿದ. ಚಾಕುವಿಗೆ ನಿಜಕ್ಕೂ ಏನೂ ಆಗಿರಲಿಲ್ಲ. ಮುಂಗೈ ಮೇಲೆ ಆಡಿಸಿದರೆ ನೀಲಿ ಕೂದಲು ಸದ್ದಿಲ್ಲದೆ ಉದುರಿತು. ತಾನು ಮಾಡಿದ ವಸ್ತು ಇಡೀ ಬೀದಿಯ ಕೈಯಲ್ಲಿ ಪೆಟ್ಟು ತಿಂದು ಹೀಗೆ ನಗುತ್ತ ಬಂದಿದೆಯಲ್ಲ ಎಂದು ಅವನ ಕಣ್ಣು ತೇವವಾಯಿತು. ಅಪ್ಪ ಇದ್ದಿದ್ದರೆ ನೋಡುತ್ತಿದ್ದ ಎಂದುಕೊಂಡ. ಮುಖದ ನೀಲಿ ಮಾತ್ರ ಸೀಮೆಎಣ್ಣೆಗೂ ಬಗ್ಗಲಿಲ್ಲ.

ಸಂಜೆ ಬಾಣಸಿಗರು ಬಂದಾಗ ಕುಲುಮೆಯ ಮುಂದೆ ಮದುವೆಮನೆಯಷ್ಟು ಜನ ಇದ್ದರು. ಪೋಸ್ಟ್ ಮಾಸ್ಟರು ತಮ್ಮ ಮನೆಯಿಂದಲೇ ಕುರ್ಚಿ ತಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಬಾಣಸಿಗರು ಒಂದು ಅರ್ಧ ನೀಲಿ ಮುಖವನ್ನೂ ಇಷ್ಟು ಜನರನ್ನೂ ನೋಡಿ ಏನೂ ಕೇಳದೆ, ಚೀಲದಿಂದ ಟೊಮೆಟೊ, ಈರುಳ್ಳಿ ತೆಗೆದರು. "ನನ್ನ ತರಕಾರಿ ನಾನೇ ತರ್ತೀನಿ. ಬೇರೆಯವರ ಮನೆ ಈರುಳ್ಳಿನ ನಾನು ನಂಬಲ್ಲ" ಎಂದರು.

ಅವರು ಚಾಕುವನ್ನು ಬಲಗೈಯಲ್ಲಿ ಎತ್ತಿಕೊಂಡು ತೂಗಿದರು, ಬೆಳಕಿಗೆ ಹಿಡಿದರು, ಉಗುರಿನಿಂದ ತಟ್ಟಿ ಸದ್ದು ಕೇಳಿದರು. "ಇದು ಚಾಕು" ಎಂದರು ಮೆಲ್ಲಗೆ. ಕುಲುಮೆಯಣ್ಣನ ಎದೆ ತಿದಿಯಂತೆ ಉಬ್ಬಿತು. ಹೆಂಡತಿ ಒಳಬಾಗಿಲಲ್ಲಿ ನಿಂತಿದ್ದಳು, ಅವಳೂ ನೋಡಿದಳೇ ಎಂದು ಓರೆಗಣ್ಣಿನಿಂದ ಖಾತ್ರಿ ಮಾಡಿಕೊಂಡ.

ಆಮೇಲೆ ಬಾಣಸಿಗರು ಚಾಕುವನ್ನು ಎಡಗೈಗೆ ದಾಟಿಸಿ, ಬಲಗೈಯಲ್ಲಿ ಟೊಮೆಟೊ ಒತ್ತಿ ಹಿಡಿದರು.

ಕುಲುಮೆಯಣ್ಣನ ಉಬ್ಬಿದ ಎದೆ ಹಾಗೇ ನಿಂತಿತು. ಚಾಕು ಇಳಿಯಿತು. ಹೋಳು ಬಿತ್ತು, ಮೇಲೆ ತೆಳ್ಳಗೆ, ಕೆಳಗೆ ದಪ್ಪ. ಬಾಣಸಿಗರು ಹುಬ್ಬು ಗಂಟಿಕ್ಕಿ ಇನ್ನೊಂದು ಹೋಳು ತೆಗೆದರು. ಅದು ಇನ್ನೂ ಓರೆ. ಈರುಳ್ಳಿ ಹಿಡಿದರು. ಚಾಕು ಅದರೊಳಗೆ ಹೋಗಿ, ದಾರಿ ತಪ್ಪಿದ ಎತ್ತಿನಂತೆ ಪಕ್ಕಕ್ಕೆ ತಿರುಗಿಕೊಂಡಿತು.

ನೆರೆಯವನಿಗೆ ಕಷ್ಟ ಬಂದಾಗ ಒದಗಬೇಕಾದದ್ದು ಧರ್ಮ ಎಂದು ತಿಳಿದ ಪೋಸ್ಟ್ ಮಾಸ್ಟರು ಗಂಟಲು ಸರಿಮಾಡಿಕೊಂಡರು.

"ಓರೆ ಇರೋದು ಚಾಕು ಅಲ್ಲ ಸಾರ್, ನಿಮ್ಮ ಕೈ. ಇವರು ಬೆಳಗ್ಗೆಯಿಂದ ಹೇಳ್ತಾ ಇದಾರೆ."

"ಹೌದು ಸಾರ್, ನಾವೆಲ್ಲ ಕೇಳಿದೀವಿ" ಎಂದ ಪೇಂಟರ್.

ಬಾಣಸಿಗರು ಕುಲುಮೆಯಣ್ಣನನ್ನು ನೋಡಿದರು. ಕುಲುಮೆಯಣ್ಣ ನೆಲ ನೋಡಿದ. ಬಲಗಡೆ ಇಳಿಜಾರು ಕೊಟ್ಟ ಚಾಕುವನ್ನು ಎಡಗೈಯಲ್ಲಿ ಹಿಡಿದರೆ ಇಳಿಜಾರು ಒಳಗಡೆಗೆ ಬರುತ್ತದೆ, ಅಲಗು ನೆಟ್ಟಗೆ ಇಳಿಯದೆ ಪಕ್ಕಕ್ಕೆ ಜಾರುತ್ತದೆ. ಇಷ್ಟು ಸಣ್ಣ ಸಂಗತಿ. ಅವನ ಅಪ್ಪ ಬಲಗೈಯವನು, ಅವನು ಬಲಗೈಯವನು, ಅದಕ್ಕಿಂತ ಹೆಚ್ಚು ಅವನು ಯೋಚಿಸಿರಲೇ ಇಲ್ಲ.

"ಎಡಗೈಯೇ ನನ್ನ ಕೈ" ಎಂದರು ಬಾಣಸಿಗರು, ಕೋಪವಿಲ್ಲದೆ. "ಅವತ್ತು ನಿಮ್ಮೆದುರೇ ಅದೇ ಕೈಲಿ ಸೂಪು ತಿರುವ್ತಿದ್ದೆ. ನೀವು ಕುಲುಕಿದ ಕೈನ ಮಾತ್ರ ನೋಡಿದ್ರಿ. ಇರ್ಲಿ, ಒಳ್ಳೆ ಚಾಕು. ಬೇರೆ ಯಾರಿಗೋ." ಅವರು ಚೀಲ ಎತ್ತಿಕೊಂಡರು.

ಆಗ ಒಳಗಿನಿಂದ ಸದ್ದು ಕೇಳಿತು. ಟಕ, ಟಕ, ಟಕ. ಒಂದೇ ತಾಳ, ಒಂದೇ ತೂಕ. ಬಾಗಿಲು ದಾಟುತ್ತಿದ್ದ ಬಾಣಸಿಗರ ಕಾಲು ನಿಂತಿತು.

"ಒಳಗೆ ಹೆಚ್ತಾ ಇರೋದು ಯಾರು?"

ಅವರು ಯಾರ ಅಪ್ಪಣೆಗೂ ಕಾಯದೆ ಅಡುಗೆಮನೆಗೆ ನಡೆದರು, ಹಿಂದೆ ಕುಲುಮೆಯಣ್ಣ, ಅವನ ಹಿಂದೆ ಬಾಗಿಲು ಹಿಡಿಸಿದಷ್ಟು ಜನ. ಬಂದವರಿಗೆ ಕೊಡಲೆಂದು ಹೆಂಡತಿ ಸೀಬೆಹಣ್ಣು ಹೆಚ್ಚುತ್ತಿದ್ದಳು. ತಟ್ಟೆಯಲ್ಲಿ ಹೋಳುಗಳು ಹೊಸ ಇಸ್ಪೀಟೆಲೆಗಳಂತೆ ಒಂದರ ಮೇಲೊಂದು ಒರಗಿದ್ದವು. ಅವರನ್ನು ಕಂಡವಳೇ ಎಡಗೈಯನ್ನು ಬೆನ್ನ ಹಿಂದೆ ಮಾಡಿದಳು.

"ತೋರಿಸಿ ತಾಯಿ."

"ಬೇಡಿ. ನೀವು ನೋಡಿದ್ರೆ ಇವರ ಮಾನ ಹೋಗುತ್ತಂತೆ."

ಕುಲುಮೆಯಣ್ಣನ ಮುಖದ ನೀಲಿಯಲ್ಲದ ಅರ್ಧವೂ ಬಣ್ಣ ಬದಲಿಸಿತು. ಬಾಣಸಿಗರು ಕೈಚಾಚಿಯೇ ನಿಂತಿದ್ದರು. ಕಡೆಗೆ ಅವಳು ಆ ಮೋಟು ಕಪ್ಪು ಚಾಕುವನ್ನು ಕೊಟ್ಟಳು. ಅವರು ಎಡಗೈಯಲ್ಲಿ ಹಿಡಿದು ಒಂದು ಟೊಮೆಟೊ ಮುಗಿಸಿದರು. ಹೋಳುಗಳು ನೆಟ್ಟಗೆ, ತೆಳ್ಳಗೆ, ತಾವಾಗಿ ಕಳಚಿ ಬಿದ್ದವು.

"ಯಾರು ಮಾಡಿದ್ದು ಇದು?"

"ನಾನೇ" ಎಂಬ ಮಾತು ಕುಲುಮೆಯಣ್ಣನ ಬಾಯಿಂದ ತಾನಾಗಿ ಜಿಗಿಯಿತು.

"ಅಣ್ಣ, ಅದು ನಿಮ್ಮನೇದೇ ಅಲ್ಲ ಅಂದ್ರಲ್ಲ ಆಗ?" ಎಂದ ಪೇಂಟರ್ ಕಿಟಕಿಯಿಂದ. ಅವನಿಗೆ ಬಾಗಿಲಲ್ಲಿ ಜಾಗ ಸಿಕ್ಕಿರಲಿಲ್ಲ.

ಹೆಂಡತಿ ಕೈ ಒರೆಸಿಕೊಂಡಳು. "ಅಲಗು ಇವರದೇ. ಡಬ್ಬಿಗೆ ಎಸೆದಿದ್ರು. ಆ ಕಡೆಯ ಇಳಿಜಾರು ಉಜ್ಜಿ ತೆಗೆದು ಈ ಕಡೆ ಇಳಿಸಿದ್ದು ನಾನು. ಬಟ್ಟೆ ಒಗೆಯೋ ಕಲ್ಲಿನ ಮೇಲೆ, ಇವರು ಊರಿನಲ್ಲಿ ಇಲ್ಲದಾಗ. ಚೆನ್ನಾಗಿ ಬಂದಿದೆ" ಎಂದಳು. ಕೊನೆಯ ಮಾತನ್ನು ಅವಳು ಗಂಡನನ್ನು ನೋಡಿಕೊಂಡೇ ಹೇಳಿದಳು, ಅದರಲ್ಲಿ ಸಂಕೋಚ ಚೂರೂ ಇರಲಿಲ್ಲ.

ಕುಲುಮೆಯಣ್ಣ ಚಾಕುವನ್ನು ತೆಗೆದುಕೊಂಡು ಅಂಚು ನೋಡಿದ. ಒರಟು ಕೆಲಸ, ಆದರೆ ಇಳಿಜಾರು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಊರಿನವರ ಕೈಯನ್ನೆಲ್ಲ ಕುಲುಕಿ ಅಳತೆ ತೆಗೆದವನು ಇವಳ ಕೈಯನ್ನು ಒಮ್ಮೆಯೂ ನೋಡಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ, ಇವಳು ನನ್ನ ಹೆಂಡತಿ ಎಂಬ ಹೆಮ್ಮೆಯೂ ಬಂತು. ಎರಡನ್ನೂ ಹೇಗೆ ಹೇಳುವುದೆಂದು ತಿಳಿಯದೆ ಚಾಕುವನ್ನು ಅವಳ ಕೈಗೇ ಕೊಟ್ಟ.

"ಇದನ್ನ ನನಗೆ ಕೊಡ್ತೀರಾ ತಾಯಿ?" ಎಂದರು ಬಾಣಸಿಗರು.

"ಇಲ್ಲ."

"ಕೊಟ್ಬಿಡೇ" ಎಂದು ಕುಲುಮೆಯಣ್ಣ ಪಿಸುಗುಟ್ಟಿದ. "ಇಡೀ ಹೋಟೆಲಿನ ಕೆಲಸ ಇದೆ."

"ಚಾಕು ಮಾಡೋನ ಮನೇಲಿ ನನಗೆ ಅಂತ ಇರೋದು ಇದೊಂದೇ. ಯಾರಿಗೂ ಕೊಡಲ್ಲ."

ಬಾಣಸಿಗರು ತಲೆದೂಗಿದರು. "ಸರಿಯಾದ ಮಾತು. ನಾನೂ ನನ್ನ ಚಾಕುನ ಯಾರಿಗೂ ಕೊಡಲ್ಲ." ಆಮೇಲೆ ಕುಲುಮೆಯಣ್ಣನ ಕಡೆ ತಿರುಗಿದರು. "ನೀವು ಮೊದಲು ಇವರಿಗೊಂದು ಮಾಡಿಕೊಡಿ. ನೆಟ್ಟಗಿದೆ ಅಂತ ಇವರು ಯಾವತ್ತು ಹೇಳಿ ಕಳಿಸ್ತಾರೋ ಅವತ್ತು ನಾನು ಬರ್ತೀನಿ. ಹೋಟೆಲಿನ ಮಾತು ಆಮೇಲೆ."

ಅವರು ಸೀಬೆಹಣ್ಣು ತಿಂದು ಹೊರಟರು. ಜನ ಕರಗಿತು. ಪೋಸ್ಟ್ ಮಾಸ್ಟರು ಕುರ್ಚಿ ಎತ್ತಿಕೊಳ್ಳುತ್ತ, ಹಲಗೆಯ ಮೇಲೆ ಒಂಟಿಯಾಗಿ ಹೊಳೆಯುತ್ತಿದ್ದ ದೊಡ್ಡ ಚಾಕುವನ್ನು ನೋಡಿದರು. "ಹಾಗಾದ್ರೆ ಇದು ಸದ್ಯಕ್ಕೆ ಬಿಡುವಾಗಿದೆ ತಾನೇ? ಇನ್ನೆರಡು ಕಟ್ಟು ಪೇಪರ್ ಬಾಕಿ ಇತ್ತು" ಎಂದು ತೆಗೆದುಕೊಂಡು ಹೋದರು. ಕುಲುಮೆಯಣ್ಣ ತಡೆಯಲಿಲ್ಲ.

ಅವನು ಹೆಂಡತಿಯ ಎಡಗೈಯನ್ನು ಹಿಡಿದು ಅಳತೆ ತೆಗೆದುಕೊಂಡ. ಉಕ್ಕು ಕಾಸಿದ, ಬಡಿದ, ಎಡಗಡೆ ಇಳಿಜಾರು ಕೊಟ್ಟ, ಎಡಗೈಯಲ್ಲಿ ಹಿಡಿದು ಬಲ ಮುಂಗೈ ಮೇಲೆ ಆಡಿಸಿ ನೋಡಿದ. ಈಗ ಅವನ ಎರಡೂ ಮುಂಗೈ ಬೋಳು. ವ್ಯಾಪಾರ ಎರಡು ಪಟ್ಟಾಗಿದೆ ಎಂದು ಬೀದಿಯವರು ಹಿಗ್ಗಿದರು. ಒಳಗೆ ಅಡುಗೆಮನೆಯ ಗೋಡೆಯ ಮೇಲೆ ಒಂದರ ಪಕ್ಕ ಒಂದರಂತೆ ಅವಳ ಚಾಕುಗಳು ಸಾಲಾಗಿ ನೇತಾಡುತ್ತಿರುವುದು ಅವರಿಗೆ ಕಾಣುತ್ತಿರಲಿಲ್ಲ.

ಪ್ರತಿ ಸಲವೂ ಹೀಗೇ ನಡೆಯುತ್ತದೆ. ಅವನು ಹೊಸ ಚಾಕು ತಂದು ಕೊಡುತ್ತಾನೆ. ಅವಳು ಸೌತೆಕಾಯಿಯ ಮೇಲೆ ನಾಲ್ಕು ಸಲ ಆಡಿಸಿ, ಒಂದು ಬಿಲ್ಲೆಯನ್ನು ಬೆಳಕಿಗೆ ಹಿಡಿದು, ತಲೆ ಅಲ್ಲಾಡಿಸುತ್ತಾಳೆ.

"ಇನ್ನೂ ಸ್ವಲ್ಪ ಓರೆ ಇದೆ. ಇನ್ನೊಂದು ಮಾಡಿ ನೋಡಿ" ಎಂದು ಆ ಚಾಕುವನ್ನು ಸೆರಗಿನಿಂದ ಒರೆಸಿ, ಜೋಪಾನವಾಗಿ ಮೊಳೆಗೆ ತೂಗುಹಾಕುತ್ತಾಳೆ.

ಕುಲುಮೆಯಣ್ಣ ಬಾಯಿ ತೆರೆಯುತ್ತಾನೆ. ಅಷ್ಟರಲ್ಲಿ ಪಕ್ಕದ ಗೋಡೆಯ ಮೇಲೆ ಪೋಸ್ಟ್ ಮಾಸ್ಟರ ತಲೆ ಮೂಡುತ್ತದೆ, ಕಿವಿ ಇತ್ತ ಕಡೆಗೆ. ಅವನು ಬಾಯಿ ಮುಚ್ಚಿಕೊಳ್ಳುತ್ತಾನೆ. ಅವಳು ಆಚೆ ಹೋದ ಮೇಲೆ ತಟ್ಟೆಯಿಂದ ಒಂದು ಬಿಲ್ಲೆ ಕದ್ದು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾನೆ. ಈ ತುದಿಯಿಂದ ಆ ತುದಿಗೆ ಒಂದೇ ದಪ್ಪ, ನೂಲು ಹಿಡಿದಷ್ಟು ನೇರ. ಅವನ ಎದೆ ಉಬ್ಬುತ್ತದೆ. ಆ ಬಿಲ್ಲೆಯನ್ನು ಬಾಯಿಗೆ ಹಾಕಿಕೊಂಡು, ಮತ್ತೆ ಕುಲುಮೆಗೆ ಬೆಂಕಿ ಹೊತ್ತಿಸಲು ಹೋಗುತ್ತಾನೆ.